20 ಲೀಟರ್ ತೊಟ್ಟಿಯ ನೀರು ಬೆಳಿಗ್ಗೆ 22, ಸಂಜೆ 29 ಡಿಗ್ರಿ: ಇನ್ನೂ ದೊಡ್ಡ ಹೀಟರ್ ತರಬೇಕೇ?

ಬೇಡ. ನೀವು ಬರೆದಿರುವ ಪ್ರಕಾರ ತೊಟ್ಟಿ 40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ. ಒಳಗೆ ಒಂದೇ ಒಂದು ಫೈಟರ್ ಮೀನು. ಹಾಸನದ ಚಳಿಗೆ ಅಂತ 50 ವ್ಯಾಟಿನ ಹೀಟರ್ ತಂದು 26ಕ್ಕೆ ಇಟ್ಟಿದ್ದೀರಿ. ತೊಟ್ಟಿ ಇರೋದು ಪಶ್ಚಿಮದ ಕಿಟಕಿ ಪಕ್ಕ, ಮೇಲೆ ಮುಚ್ಚಳ ಇಲ್ಲ. ಮೀನು ಬೆಳಿಗ್ಗೆ ತಳ ಹಿಡಿದು ಮಲಗಿರುತ್ತೆ, ಸಂಜೆ ಚುರುಕಾಗುತ್ತೆ. 20 ಲೀಟರಿಗೆ 50 ವ್ಯಾಟ್ ಧಾರಾಳವಾಗಿ ಸಾಕು. 100 ವ್ಯಾಟ್ ಹಾಕಿದರೆ ಬೆಳಗಿನ ಚಳಿ ಒಂದಿಷ್ಟು ತಗ್ಗೀತು, ಆದರೆ ಸಂಜೆಯ 29 ಹಾಗೇ ಉಳಿಯುತ್ತೆ. ಅದು ಬಿಸಿಲು ಮಾಡಿದ ಕೆಲಸ, ಹೀಟರಿಗೆ ಕಾಯಿಸೋದು ಗೊತ್ತೇ ಹೊರತು ತಣಿಸೋದಲ್ಲ.

ಮೊದಲು ಮುಚ್ಚಳದ ವಿಷಯ, ಯಾಕಂದ್ರೆ ನಿಮ್ಮ ತೊಂದರೆಯ ದೊಡ್ಡ ಪಾಲು ಅಲ್ಲೇ ಇದೆ. ಇವತ್ತು ರಾತ್ರಿ ಮಲಗೋ ಮುಂಚೆ ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆ ಎಷ್ಟು ಇಳಿದಿದೆ ಅಂತ ಅಳೆಯಿರಿ. ನಿಮ್ಮ ತೊಟ್ಟಿಯ ಅಳತೆಗೆ ಒಂದು ಮಿ.ಮೀ. ಅಂದ್ರೆ 100 ಮಿ.ಲೀ. ನೀರು. ಅಷ್ಟು ನೀರು ಆವಿಯಾಗಲು ಬೇಕಾದ ಶಾಖ ಎಷ್ಟೆಂದರೆ, ಅದಷ್ಟನ್ನೂ ತೊಟ್ಟಿಯ ನೀರಿನಿಂದಲೇ ಕಿತ್ತುಕೊಂಡರೆ 20 ಲೀಟರ್ ನೀರು ಹತ್ತಿರ ಹತ್ತಿರ 3 ಡಿಗ್ರಿ ತಣ್ಣಗಾಗುತ್ತೆ. ರಾತ್ರಿಯಲ್ಲಿ 3 ಮಿ.ಮೀ. ಇಳಿದಿದ್ದರೆ, 50 ವ್ಯಾಟಿನ ಹೀಟರ್ 8 ಗಂಟೆ ಎಡೆಬಿಡದೆ ಉರಿದು ಕೊಟ್ಟ ಶಾಖದಲ್ಲಿ ಅರ್ಧ ಆವಿಯ ಜೊತೆ ಹೋಯಿತು ಅಂತಲೇ ಲೆಕ್ಕ. ಕೋಣೆ ಬೆಚ್ಚಗಿದ್ದರೂ ತೆರೆದ ತೊಟ್ಟಿ ತಣ್ಣಗಿರೋದು ಇದಕ್ಕೇ.

ಮುಚ್ಚಳಕ್ಕೆ ಅಂತ ಗಾಜಿನಂಗಡಿಗೆ ಅಳತೆ ಕೊಟ್ಟರೆ 4 ಎಂ.ಎಂ. ಗಾಜು ಕತ್ತರಿಸಿ ಅಂಚು ಉಜ್ಜಿ ಕೊಡುತ್ತಾರೆ. ವೈರ್ ಮತ್ತು ಆಹಾರಕ್ಕೆ ಒಂದು ಮೂಲೆ ಕತ್ತರಿಸಿಸಿ, ಗಾಳಿಗೂ ಅಷ್ಟು ಸಂದು ಸಾಕು. ಫೈಟರಿಗೆ ಇದರಿಂದ ಇನ್ನೊಂದು ಉಪಕಾರ ಇದೆ. ಅದು ಕಿವಿರಿನಲ್ಲಿ ಮಾತ್ರವಲ್ಲ, ಮೇಲೆ ಬಂದು ಗಾಳಿಯನ್ನೂ ನುಂಗಿ ಉಸಿರಾಡುವ ಮೀನು. ಮುಚ್ಚಳದ ಕೆಳಗಿನ ಗಾಳಿ ಬೆಚ್ಚಗೆ, ತೇವವಾಗಿದ್ದರೆ ಅದಕ್ಕೆ ಹಿತ. ಹಾರಿ ಹೊರಗೆ ಬೀಳೋದೂ ತಪ್ಪುತ್ತೆ.

ಎರಡನೇದು, ಕಿಟಕಿ ಬಿಟ್ಟು ಒಳಗೋಡೆ ಕಡೆಗೆ ತೊಟ್ಟಿ ಸರಿಸಿ. ತುಂಬಿದ ತೊಟ್ಟಿ ಎತ್ತಬೇಡಿ, ಮುಕ್ಕಾಲು ನೀರು ಬಕೆಟ್ಟಿಗೆ ತೆಗೆದಿಟ್ಟು, ಆ ಹಳೇ ನೀರನ್ನೇ ಮತ್ತೆ ಹಾಕಿ. ತೊಟ್ಟಿಯ ತಳದ ಕೆಳಗೆ ಥರ್ಮಾಕೋಲ್ ಹೇಗೂ ಇರುತ್ತೆ, ಹಿಂದೆ ಮತ್ತು ಎರಡು ಪಕ್ಕಕ್ಕೂ ಒಂದೊಂದು ಹಾಳೆ ಅಂಟಿಸಿ. ಮುಂದಿನ ಗಾಜು ಮಾತ್ರ ನೋಡೋಕೆ ಬಿಡಿ.

ಇನ್ನು ಹೀಟರ್. ಅದರ ತಿರುಗಣೆ ಮೇಲಿನ 26 ಅನ್ನೋ ಗುರುತನ್ನು ನಂಬಬೇಡಿ, ಅಗ್ಗದವುಗಳಲ್ಲಿ ಎರಡು ಮೂರು ಡಿಗ್ರಿ ಆಚೀಚೆ ಇರೋದು ಮಾಮೂಲು. ಹೀಟರ್ ಒಂದು ತುದಿಯಲ್ಲಿ ಫಿಲ್ಟರಿನ ನೀರು ತಾಗುವ ಹಾಗೆ, ಥರ್ಮಾಮೀಟರ್ ಇನ್ನೊಂದು ತುದಿಯಲ್ಲಿ ನೀರೊಳಗೆ. ಗಾಜಿಗೆ ಹೊರಗಿಂದ ಅಂಟಿಸುವ ಪಟ್ಟಿ ಕೋಣೆಯ ಗಾಳಿಯನ್ನೂ ಸೇರಿಸಿಕೊಂಡು ಓದುತ್ತೆ, ನಾನಂತೂ ಅದನ್ನು ಲೆಕ್ಕಕ್ಕೆ ಇಡೋದಿಲ್ಲ. ನೀರು ತೆಗೆಯುವಾಗ ಹೀಟರಿನ ಸ್ವಿಚ್ ಮೊದಲೇ ಆರಿಸಿ ಕಾಲು ಗಂಟೆ ಬಿಡಿ, ಬಿಸಿ ಗಾಜು ನೀರಿನಿಂದ ಹೊರಗೆ ಬಂದರೆ ಸೀಳುತ್ತೆ. ದೊಡ್ಡದು ಬೇಡ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಬಿಸಿ ಸಾಕಾದಾಗ ಹೀಟರನ್ನು ಆರಿಸುವ ಥರ್ಮೋಸ್ಟಾಟ್ ಒಳಗೆ ಅಂಟಿಕೊಂಡು ಆಫ್ ಆಗದೇ ಹೋದರೆ 100 ವ್ಯಾಟಿನದು 20 ಲೀಟರನ್ನು ಗಂಟೆಗೆ 4 ಡಿಗ್ರಿವರೆಗೂ ಏರಿಸಬಲ್ಲದು. 50 ವ್ಯಾಟಿನದಾದರೆ ಏರಿಕೆ ಅದರ ಅರ್ಧ, ನಿಮಗೆ ಗಮನಿಸೋಕೆ ಸಮಯ ಸಿಗುತ್ತೆ.

ನೀರು ಬದಲಿಸುವಾಗಲೂ ಎಚ್ಚರ ಇರಲಿ. ಧನುರ್ಮಾಸದ ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕಿನ ನೀರು 18 ಡಿಗ್ರಿ ಇದೆ ಅಂದುಕೊಳ್ಳಿ. 26 ಡಿಗ್ರಿಯ 16 ಲೀಟರಿಗೆ ಅದನ್ನು 4 ಲೀಟರ್ ಸುರಿದರೆ ಒಂದೇ ಏಟಿಗೆ ಒಂದೂವರೆ ಡಿಗ್ರಿಗಿಂತ ಜಾಸ್ತಿ ಇಳಿಯುತ್ತೆ. ಒಲೆ ಮೇಲೆ ಕಾಯಿಸಿದ ನೀರನ್ನು ಬಕೆಟ್ಟಿನಲ್ಲೇ ಬೆರೆಸಿ, ಥರ್ಮಾಮೀಟರ್ ಅದ್ದಿ ನೋಡಿ, ತೊಟ್ಟಿಯಷ್ಟೇ ಆದಮೇಲೆ ಹಾಕಿ. ಕೈ ಅದ್ದಿ ಹೇಳೋದು ಬೇಡ, ಚಳಿಗಾಲದಲ್ಲಿ ಕೈಗೆ ಎಲ್ಲವೂ ಬೆಚ್ಚಗೇ ಅನಿಸುತ್ತೆ.

ಕರೆಂಟ್ ಹೋದರೆ ಗಾಬರಿ ಬೇಡ. ಮುಚ್ಚಳ ಇದ್ದ ತೊಟ್ಟಿ ಒಂದೆರಡು ಗಂಟೆ ತಡೆದುಕೊಳ್ಳುತ್ತೆ, ಅದಕ್ಕೂ ಮೀರಿದರೆ ಸುತ್ತ ಕಂಬಳಿ ಹೊದಿಸಿ. ಬಿಸಿನೀರು ಸುರಿಯಬೇಡಿ.

ಥೈಲ್ಯಾಂಡಿನ ಗದ್ದೆಗಳಲ್ಲಿ ಇದೇ ಮೀನು ಬಿಸಿಲು ಇಬ್ಬನಿ ಎರಡನ್ನೂ ತಡೆಯುತ್ತಲ್ಲ ಅಂತ ಯಾರಾದರೂ ಹೇಳಿಯಾರು. ನಿಜ, ಆದರೆ ಅಲ್ಲಿ ಅದು ಬೇಕಾದಾಗ ನೆರಳಿಗೆ, ಆಳಕ್ಕೆ ಸರಿದುಕೊಳ್ಳುತ್ತೆ. ನಿಮ್ಮ ತೊಟ್ಟಿಯಲ್ಲಿ ಹೋಗೋಕೆ ಜಾಗ ಎಲ್ಲಿದೆ? ದಿನಾ 7 ಡಿಗ್ರಿ ಏರಿಳಿದರೆ ಮೀನಿನ ಮೈಯ ತಡೆಶಕ್ತಿ ಕುಗ್ಗುತ್ತೆ, ಆಗ ಬರೋದು ಬಿಳಿ ಚುಕ್ಕೆ ರೋಗ. ರೆಕ್ಕೆ ಮೇಲೆ ರವೆ ಉದುರಿಸಿದ ಹಾಗೆ ಕಾಣುತ್ತೆ, ದಿನಾ ಒಮ್ಮೆ ಟಾರ್ಚ್ ಹಿಡಿದು ನೋಡಿ. ತೊಟ್ಟಿ 22ರಲ್ಲಿ ಇರುವಷ್ಟು ದಿನ ಬೆಳಿಗ್ಗೆ ಆಹಾರ ಹಾಕಬೇಡಿ, ಜೀರ್ಣ ಆಗೋದು ನಿಧಾನ. ಮಧ್ಯಾಹ್ನದ ಮೇಲೆ ಹಾಕಿ.

ಮುಚ್ಚಳ, ಜಾಗ, ಥರ್ಮಾಕೋಲ್ ಮೂರೂ ಆದಮೇಲೆ ಒಂದು ವಾರ ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಓದಿ ಬರೆದಿಡಿ. ಎರಡರ ನಡುವೆ 2 ಡಿಗ್ರಿಗಿಂತ ಕಡಿಮೆ ಅಂತರ ಇದ್ದರೆ ಸಾಕು, 25 ಆದರೂ ಸರಿ, 27 ಆದರೂ ಸರಿ. ಅಂತರ ಇನ್ನೂ ಜಾಸ್ತಿ ಇದ್ದರೆ ಆಗ ಹೀಟರ್ ಬದಲಿಸಿ, 50 ವ್ಯಾಟಿನದನ್ನೇ, ಒಳ್ಳೆಯದು ನೋಡಿ.