ಬೇಸಿಗೆಯಲ್ಲಿ ಉರಿಯದ ಆಂಡೆನೆಸ್ ದೀಪ

ಪತ್ರ: ನಾರ್ವೆಯ ಆಂಡೆನೆಸ್ ದೀಪಸ್ತಂಭ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಆರಿರುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಚ್ಚಿನ ತಪ್ಪೇ? ಹಾಗಿದ್ದರೆ ಮೀನುಗಾರರ ಗತಿಯೇನು? ಕಲ್ಲಿಗೆ ಬರವಿಲ್ಲದ ದೇಶದಲ್ಲಿ ಕಬ್ಬಿಣದ ಗೋಪುರವೇಕೆ?
– ಓದುಗರೊಬ್ಬರು, ಕುಂದಾಪುರ

ಉತ್ತರ: ತಪ್ಪಾಗಿಲ್ಲ. ಆಂಡೋಯಾ ದ್ವೀಪದ ಉತ್ತರ ತುದಿಯ ಈ ದೀಪ ಏಪ್ರಿಲ್ ಕೊನೆಗೆ ಆರಿದರೆ ಮತ್ತೆ ಹೊತ್ತುವುದು ಆಗಸ್ಟ್ 10ರ ಸುಮಾರಿಗೆ. ಊರು ಆರ್ಕ್ಟಿಕ್ ವೃತ್ತದಿಂದ ಸುಮಾರು 300 ಕಿ.ಮೀ. ಉತ್ತರಕ್ಕಿದೆ. ಮೇ ಮೂರನೆಯ ವಾರದಿಂದ ಜುಲೈ ಕೊನೆಯ ವಾರದ ತನಕ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅದರ ಹಿಂದುಮುಂದಿನ ದಿನಗಳಲ್ಲಿ ಮುಳುಗಿದರೂ ನಡುರಾತ್ರಿಗೆ ದಿಗಂತದಿಂದ ಸುಮಾರು ಆರು ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಅಷ್ಟು ಬೆಳಕಿದ್ದರೆ ದಡವೂ ಬಂಡೆಯೂ ಬರಿಗಣ್ಣಿಗೇ ಕಾಣುತ್ತವೆ. ದಿನವೂ ಕತ್ತಲಾಗುವ ನಮ್ಮ ಕರಾವಳಿಯವರಿಗೆ ಇದು ವಿಚಿತ್ರ ಅನಿಸುವುದು ಸಹಜ.

ಮೀನುಗಾರರ ಚಿಂತೆ ಬೇಡ. ಮೊಟ್ಟೆಯಿಡಲು ಬ್ಯಾರೆಂಟ್ಸ್ ಸಮುದ್ರದಿಂದ ಬರುವ ಕಾಡ್ ಮೀನಿನ ಸುಗ್ಗಿ ಜನವರಿಯಿಂದ ಏಪ್ರಿಲ್‌ವರೆಗೆ. ದೀಪ ಬೇಕಾದ ಆ ಕಾಲದಲ್ಲಿ ಅದು ಉರಿಯುತ್ತಲೇ ಇರುತ್ತದೆ.

ಇನ್ನು ಕಬ್ಬಿಣ. ನಾರ್ವೆಯಲ್ಲಿ ಕಲ್ಲಿನ ದೀಪಸ್ತಂಭಗಳೂ ಇವೆ. ಉತ್ಸಿರಾ ದ್ವೀಪದಲ್ಲಿ 1844ರಲ್ಲಿ ಕಟ್ಟಿದ್ದು ಕಲ್ಲಿನದೇ. ಅಲ್ಲಿ ಗುಡ್ಡವೇ ಎತ್ತರ ಕೊಡುವುದರಿಂದ ಗೋಪುರ 13 ಮೀಟರ್ ಇದ್ದರೂ ದೀಪ ಸಮುದ್ರದಿಂದ 78 ಮೀಟರ್ ಮೇಲಿದೆ. ಆಂಡೆನೆಸ್ ಚಪ್ಪಟೆ ನೆಲ; ಎತ್ತರವನ್ನೆಲ್ಲ ಗೋಪುರವೇ ಕೊಡಬೇಕು. 1859ರಲ್ಲಿ ಎದ್ದ ಇದು 40 ಮೀಟರ್ ಇದೆ. ದೋಣಿಯಲ್ಲಿ ನೀರಿನಿಂದ ಐದು ಮೀಟರ್ ಎತ್ತರದಲ್ಲಿ ನಿಂತವನಿಗೆ, ಭೂಮಿಯ ಬಾಗು ಲೆಕ್ಕಕ್ಕೆ ಹಿಡಿದರೂ, ಸುಮಾರು 33 ಕಿ.ಮೀ. ದೂರದಿಂದ ಕಾಣಬೇಕು. ಅಷ್ಟೆತ್ತರ ಕಲ್ಲಿನಲ್ಲಿ ಕಟ್ಟಲು ಕಾಲ ಸಾಲದು: ಹಸಿಗಾರೆಯ ನೀರು ಹೆಪ್ಪುಗಟ್ಟಿದರೆ ಗಾರೆ ಪುಡಿಯಾಗುತ್ತದೆ, ಹಿಮ ಬೀಳದ ತಿಂಗಳುಗಳೋ ಬೆರಳೆಣಿಕೆಯಷ್ಟು. ಎರಕದ ಕಬ್ಬಿಣದ ಹಲಗೆಗಳಿಗೆ ಆ ಕಾಟವಿಲ್ಲ. ಹಡಗಿನಲ್ಲಿ ತಂದು, ಅಂಚಿಗೆ ಅಂಚು ಕೂಡಿಸಿ ಬೋಲ್ಟ್ ಬಿಗಿದರಾಯಿತು.

ಆದರೆ ಅದರ ತಲೆನೋವು ಮುಂದೆ ಶುರು. ಉಪ್ಪುನೀರು ಹೊಗುವುದು ಇದೇ ಕೂಡುಗೆರೆಗಳಲ್ಲಿ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಹಲಗೆಗಳನ್ನು ಒಳಗಿನಿಂದಲೇ ಎಬ್ಬಿ ಬಿಡಿಸುತ್ತದೆ. ತಣ್ಣನೆಯ ಕಬ್ಬಿಣದ ಒಳಮೈಯಲ್ಲಿ ನೀರು ಬೆವರುವುದೂ ಉಂಟು, ಆದ್ದರಿಂದ ಒಳಗೂ ಗಾಳಿ ಆಡಬೇಕು. ತುಕ್ಕನ್ನು ಲೋಹ ಕಾಣುವ ತನಕ ಕೆರೆದು, ತುಕ್ಕುನಿರೋಧಕ ಬಳಿದ ಮೇಲಷ್ಟೇ ಬಣ್ಣ. ಕೆರೆಯದೆ ಬಳಿದ ಕೆಂಪು ಫೋಟೋಕ್ಕೆ ಚಂದ, ಒಂದೆರಡು ಚಳಿಗಾಲ ಕಳೆದರೆ ಸಿಪ್ಪೆಯೇಳುತ್ತದೆ.

1978ರಿಂದ ದೀಪ ಸ್ವಯಂಚಾಲಿತ. ಮೇಲೆ ಹೋಗಲು 148 ಮೆಟ್ಟಿಲು. ಉರಿಯುವುದನ್ನು ನೋಡುವ ಆಸೆಯಿದ್ದರೆ ಜೂನ್‌ ಟಿಕೆಟ್ ಬೇಡ, ಸೆಪ್ಟೆಂಬರ್‌ದು ತೆಗೆಯಿರಿ.