ಮಲೆನಾಡಿನ ಗುಡ್ಡದಲ್ಲಿ ಇಂಗುಗುಂಡಿ ತೆಗೆಸಬಹುದಾ?

ಹೊಸನಗರದ ಹತ್ತಿರ ಇಳಿಜಾರಿನಲ್ಲಿ ಎರಡು ಎಕರೆ ಕೊಂಡಿದ್ದೀರಿ. ಗುಡ್ಡದ ಬುಡ ಸಮತಟ್ಟು ಮಾಡಿಸಿ ಹೋಂಸ್ಟೇ ಕಟ್ಟುತ್ತೇನೆ, ಮೇಲ್ಭಾಗದಲ್ಲಿ ಸಾಲಾಗಿ ಇಂಗುಗುಂಡಿ ತೆಗೆಸುತ್ತೇನೆ, ಪರಿಸರಕ್ಕೂ ಒಳ್ಳೆಯದಲ್ವಾ ಎಂದು ಕೇಳಿದ್ದೀರಿ.

ಹೋಂಸ್ಟೇ ನಿಮ್ಮಿಷ್ಟ. ಗುಂಡಿ ಮಾತ್ರ ಬೇಡ.

ಇಂಗುಗುಂಡಿ ಬಯಲುಸೀಮೆಯ ಮದ್ದು. ಅಲ್ಲಿ ಬಿದ್ದ ಹನಿಯನ್ನೆಲ್ಲ ಹಿಡಿದಿಟ್ಟುಕೊಳ್ಳಬೇಕು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ದಾಟುತ್ತದೆ. ನಿಮ್ಮ ತಾಲ್ಲೂಕಿನ ಹುಲಿಕಲ್ ಅದರ ಜೊತೆ ಪೈಪೋಟಿಗೆ ಬೀಳುತ್ತದೆ. ಜುಲೈ ಹೊತ್ತಿಗೆ ಗುಡ್ಡ ಕುಡಿದು ಕುಡಿದು ಸಾಕಾಗಿ ಎಲ್ಲೆಂದರಲ್ಲಿ ಜಲ ಒಡೆಯುತ್ತದೆ. ಅದಕ್ಕೆ ಮತ್ತೂ ಕುಡಿಸಿದರೆ? ನಮ್ಮ ಕಡೆ ಎಷ್ಟೋ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ಜೇಡಿಯಂಥ ಶೇಡಿ ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಸೋಪಿನ ಹಾಗೆ. ಗುಂಡಿಯ ನೀರು ಇಳಿಯುವುದು ಅಲ್ಲಿಗೇ. ಕೆಳಗೆ ಬುಡವನ್ನೂ ಕಡಿದಿದ್ದರೆ ಮೇಲಿನ ಮಣ್ಣಿಗೆ ಆನಿಕೊಳ್ಳಲು ಏನೂ ಉಳಿಯುವುದಿಲ್ಲ.

ನಾನೂ ಪೆಟ್ಟು ತಿಂದವನೇ. ಕಾರು ನಿಲ್ಲಿಸಲು ಜಾಗ ಬೇಕೆಂದು ಮನೆ ಹಿಂದಿನ ಧರೆಯನ್ನು, ಅಂದರೆ ಗುಡ್ಡದ ಮಣ್ಣಿನ ದಿಬ್ಬವನ್ನು, ಹನ್ನೆರಡು ಅಡಿ ನೆಟ್ಟಗೆ ಕಡಿಸಿದ್ದೆ. 'ಅದರ ತಂಟೆ ಬೇಡ ಮಾರಾಯ' ಅಂದಿದ್ದರು ಅಪ್ಪ. 2019ರ ಆಗಸ್ಟ್, ಆಶ್ಲೇಷಾ ಮಳೆ. ಬೆಳಗಿನ ಜಾವ ಧರೆ ಕುಸಿದು ಕೊಟ್ಟಿಗೆಯ ಗೋಡೆಗೆ ಬಂದು ಕೂತಿತು. ದನಗಳು ಬಚಾವಾದವು. ಕಾರು ಮೂರು ದಿನ ಮಣ್ಣಿನೊಳಗಿತ್ತು. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಮಳೆಯೂ ಈಗ ಮೊದಲಿನ ಹಾಗಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಸುರಿದರೆ ಒಮ್ಮೆಗೇ ಸುರಿಯುತ್ತದೆ. ಜೂನ್ ಕೊನೆಯ ಆರಿದ್ರಾ ಮಳೆ ಕೈಕೊಡುತ್ತದೆ, ಆಮೇಲೆ ನಾಲ್ಕು ದಿನದಲ್ಲಿ ತಿಂಗಳ ಲೆಕ್ಕ ಚುಕ್ತಾ.

ಹಾಗಾದರೆ ಬೇಸಿಗೆಗೆ ನೀರು? ಆ ಕೆಲಸ ಕಾನಿನದ್ದು, ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡಿನದ್ದು. ನಿಮ್ಮ ಜಾಗದ ಮೇಲ್ಭಾಗದ ಕಾಡುಮರ ಹಾಗೇ ಇರಲಿ. ತರಗೆಲೆ ಗುಡಿಸಬೇಡಿ, ಬೆಂಕಿ ಹಾಕಬೇಡಿ. ಬೇಗ ಬೆಳೆಯುತ್ತದೆಂದು ಅಕೇಶಿಯಾ ನೆಡಬೇಡಿ. ಮನೆಯ ಮಾಡಿನಿಂದ (ಛಾವಣಿಯಿಂದ) ಬೀಳುವ ಮಳೆನೀರಿಗೆ ಒಂದು ದೊಡ್ಡ ಟ್ಯಾಂಕ್ ಕಟ್ಟಿಸಿ, ಅದು ಸಾಕಷ್ಟು ದಿನ ಬರುತ್ತದೆ.

ಪಶ್ಚಿಮಘಟ್ಟ ಉಳಿಸಲು ಏನು ಮಾಡಬೇಕೆಂದು ಹೇಳಿದ ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿ ಎಂದರೆ ನಮ್ಮೂರಲ್ಲಿ ಇವತ್ತಿಗೂ ಜಗಳ. ಒಕ್ಕಲೆಬ್ಬಿಸುತ್ತಾರೆಂಬ ಭಯ. ಸುಮ್ನೆ ಹುಟ್ಟಿದ ಭಯವಲ್ಲ ಅದು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಮನೆ ಬಿಟ್ಟು ಎದ್ದು ಬಂದವರ ಮಕ್ಕಳು ಇಲ್ಲಿ ಬೇಕಾದಷ್ಟಿದ್ದಾರೆ. ಆದರೆ ನೆಟ್ಟಗೆ ಧರೆ ಕಡಿಯಬಾರದು ಅನ್ನಲು ವರದಿ ಬೇಕಾ?

ಕಡಿಯಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ. ಧರೆಯ ನೆತ್ತಿಯಲ್ಲಿ ಬಸಿಗಾಲುವೆ ತೆಗೆಸಿ ನೀರನ್ನು ಪಕ್ಕಕ್ಕೆ ತಿರುಗಿಸಿ. ತಡೆಗೋಡೆ ಕಟ್ಟಿಸಿದರೆ ನೀರು ಬಸಿಯಲು ತೂತು ಬಿಡಿಸಿ, ಮೇಸ್ತ್ರಿ ಬೇಡ ಅಂದರೂ ಬಿಡಬೇಡಿ. ಮೆಟ್ಟಿಲ ಮೇಲೆ ಲಾವಂಚ ನೆಡಿ, ಬೇರು ಹತ್ತು ಅಡಿವರೆಗೂ ಇಳಿಯುತ್ತದೆ. ಗುಡ್ಡದಲ್ಲಿ ಬಿರುಕು ಕಂಡರೆ, ಮರ ವಾಲಿದರೆ, ತಿಳಿಯಾಗಿದ್ದ ಜಲ ಇದ್ದಕ್ಕಿದ್ದಂತೆ ಕೆಂಪಾದರೆ ಆ ರಾತ್ರಿ ಅಲ್ಲಿ ಮಲಗಬೇಡಿ.

ಜೆಸಿಬಿಗೆ ಅಡ್ವಾನ್ಸ್ ಕೊಡುವ ಮುಂಚೆ ಪುಷ್ಯ ಮಳೆಯಲ್ಲಿ ಒಂದು ವಾರ ಬಂದಿರಿ. ಜುಲೈ ಕೊನೆ. ಜಲ ಎಲ್ಲೆಲ್ಲಿ ಒಡೆಯುತ್ತದೋ ಅಲ್ಲೆಲ್ಲ ಗೂಟ ಹೊಡೆದು ಗುರುತು ಮಾಡಿ, ಅಲ್ಲಿ ಕಟ್ಟಬೇಡಿ. ಬರುವಾಗ ಸುಣ್ಣ, ಹೊಗೆಸೊಪ್ಪು ತನ್ನಿ. ರಕ್ತ ಹೀರುವ ಇಂಬಳಗಳಿಗೆ ಹೊಸಬರೆಂದರೆ ಬಹಳ ಪ್ರೀತಿ.