ಭುಜ ನೋವಿಗೆ ಕೈ ಹಿಡಿತ ಯಾಕ ಕಮ್ಮಿ ಆಗ್ತದ?

ನಿಮ್ಮ ಅವ್ವಾರಿಗಿ ನೋವು ಭುಜದಾಗ, ಆದ್ರ ಕೊಡ ಹಿಡಿಲಾಕ ಕೈಯಾಗ ಜೋರ್ ಯಾಕಿಲ್ಲ ಅಂತ ಕೇಳೀರಲ್ರಿ, ಇಲ್ಲಿ ಕಲಬುರಗ್ಯಾಗ ನಮ್ಮ ಮನ್ಯಾಗೂ ಇದೇ ಆಗಿತ್ತು. ಬೆರಳು ಮಡಚೋ ದೊಡ್ಡ ಸ್ನಾಯು ಇರೋದು ಮೊಣಕೈ ಕೆಳಗ ಖರೆ, ಆದ್ರ ಭುಜ ಗಟ್ಟಿ ನಿಂತ್ರ ಅವು ಪೂರಾ ಜೋರ್ ಹಾಕ್ತಾವ, ನೋವಿದ್ರ ಮೈಯೇ ಕೈ ತಡೀತದ. ಮೊಣಕೈ ಪಕ್ಕಕ್ಕ ಹಚ್ಚಿ 90 ಡಿಗ್ರಿ ಮಡಚಿ ಅವ್ವಾರು ನಿಮ್ಮ ಬೆರಳು ಹಿಂಡ್ಲಿ, ಆಮ್ಯಾಲ ಕೈ ಮುಂದ ಎತ್ತಿ ಹಿಂಡ್ಲಿ, ಎತ್ತಿದಾಗಷ್ಟೇ ಕಮ್ಮಿ ಅನಿಸಿದ್ರ ಭುಜದ್ದೇ ಇರಬಹುದು. ಬೆರಳು ಜುಮ್ ಅಂತಾವೇನು? ಹಂಗಿದ್ರ ಕುತ್ತಿಗ್ಯಾಗ ನರ ಒತ್ತಿರಬಹುದು, ಡಾಕ್ಟರಿಗಿ ತೋರಿಸ್ರಿ, ತಡ ಬ್ಯಾಡ. ಶುಗರೂ ಚೆಕ್ ಮಾಡಿಸ್ರಿ, ಶುಗರ್ ಇದ್ದೋರಿಗಿ ಫ್ರೋಜನ್ ಶೋಲ್ಡರ್ (ಭುಜ ಬಿಗಿದು ನೋವಾಗಿ ಕೈ ಎತ್ತಲಾಕ ಬರದಂಗ ಆಗೋದು) ಜಾಸ್ತಿ. ಬರೇ ಬಾಲ್ ಹಿಂಡಿಸಿ ಬಿಡಬ್ಯಾಡ್ರಿ (ನಾವು ಅದನ್ನೇ ಮಾಡಿ ಎರಡ ತಿಂಗಳು ಕಳಕೊಂಡ್ವಿ), ಫಿಜಿಯೋಗ ರೊಟ್ಟಿ ಬಡಿಲಾಕ, ತಲಿ ಬಾಚಲಾಕ ಎಷ್ಟ್ ಆಗ್ತದ ಅಂತ ಬಿಡಿಸಿ ಹೇಳ್ರಿ.